ಮನೆಯ ಕಡತಕ್ಕೆ ಮೋಡದ ಕಪಾಟು

ಊರು ಬಿಟ್ಟು ಪರಸ್ಥಳದಲ್ಲಿ ಸಂಸಾರ ಹೂಡಿದವರ ಕಾಗದಪತ್ರಗಳು ಒಂದೇ ಕಡೆ ಇರುವುದು ಅಪರೂಪ. ಹೊಲದ ಉತಾರ ಊರಿನಲ್ಲಿ ಅಣ್ಣನ ಬಳಿ. ಮಕ್ಕಳ ಜನನಪತ್ರ ಮುಂಬಯಿಯ ಬಾಡಿಗೆ ಮನೆಯಲ್ಲಿ. ತಂದೆಯವರ ಪಿಂಚಣಿಯ ಆದೇಶ ಧಾರವಾಡದ ಟ್ರಂಕಿನಲ್ಲಿ. ಮದುವೆಯ ಭಾವಚಿತ್ರಗಳು ತಂಗಿಯ ಮನೆಯಲ್ಲಿ. ಬೇಕೆಂದಾಗ ಒಂದೂ ಕೈಗೆ ಸಿಕ್ಕದು. ಹಾಗೆಂದು ಎಲ್ಲವನ್ನೂ ಒಂದೇ ಕಪಾಟಿನಲ್ಲಿ ತುಂಬಿದರೂ ನೆಮ್ಮದಿಯಿಲ್ಲ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತು. 2015ರ ಡಿಸೆಂಬರಿನಲ್ಲಿ ಚೆನ್ನೈ ನಗರ ನೀರಿನಲ್ಲಿ ನಿಂತಿತು. ನೆಲಮಾಳಿಗೆಯ ಮನೆಗಳಲ್ಲಿ ನೀರು ಮೊದಲು ಹೊಕ್ಕದ್ದು ಕಪಾಟಿನ ಕೆಳಗಿನ ಖಾನೆಗೇ. ಕಾಗದಪತ್ರ ಕಳೆದುಕೊಂಡವರಿಗೆ ಹೊಸ ಪ್ರತಿ ಕೊಡಲು ತಮಿಳುನಾಡಿನಲ್ಲಿ ವಿಶೇಷ ಶಿಬಿರಗಳನ್ನೇ ನಡೆಸಬೇಕಾಯಿತು. ಸರ್ಕಾರದ ಪತ್ರಕ್ಕೆ ಮತ್ತೊಂದು ಪ್ರತಿ ಸಿಕ್ಕೀತು. ತಾತನ ಕೈಬರಹಕ್ಕೆ ಎಲ್ಲಿಂದ ಸಿಗಬೇಕು?

ಈ ತೊಂದರೆಗೆ ಇಂದು ಒಂದು ಉಪಾಯವುಂಟು. ಅದಕ್ಕೆ ಕ್ಲೌಡ್, ಅಂದರೆ ಮೋಡ, ಎಂದು ಹೆಸರು. ಹೆಸರು ಕೇಳಿ ಬೆರಗಾಗಬೇಕಾದ್ದಿಲ್ಲ. ಹಗಲಿರುಳು ನಡೆಯುವ ದೊಡ್ಡ ಕಂಪ್ಯೂಟರುಗಳ ಸಾಲುಗಳನ್ನು ಕಂಪನಿಯೊಂದು ಎಲ್ಲಿಯೋ ಇಟ್ಟುಕೊಂಡು, ಅದರಲ್ಲಿ ನಮಗೂ ಒಂದು ಖಾನೆಯನ್ನು ಬಿಟ್ಟುಕೊಡುತ್ತದೆ, ಅಷ್ಟೆ. ಡ್ರಾಪ್‌ಬಾಕ್ಸ್ ಎಂಬ ಸಂಸ್ಥೆ 2007ರಲ್ಲಿ ಹುಟ್ಟಿತು. ಗೂಗಲ್ ಡ್ರೈವ್ 2012ರ ಏಪ್ರಿಲಿನಲ್ಲಿ ಬಂತು. ಬಾಡಿಗೆಯಿಲ್ಲದೆ ದೊರೆಯುವ ಜಾಗ ಗೂಗಲ್ಲಿನಲ್ಲಿ 15 ಜಿಬಿ, ಮೈಕ್ರೋಸಾಫ್ಟಿನ ಒನ್‌ಡ್ರೈವ್‌ನಲ್ಲಿ 5 ಜಿಬಿ, ಡ್ರಾಪ್‌ಬಾಕ್ಸ್‌ನಲ್ಲಿ 2 ಜಿಬಿ. ಸ್ಕ್ಯಾನ್ ಮಾಡಿದ ಒಂದು ಪುಟಕ್ಕೆ 1 ಎಂಬಿ ಎಂದು ಹಿಡಿದರೆ 15 ಜಿಬಿಯಲ್ಲಿ ಸುಮಾರು ಹದಿನೈದು ಸಾವಿರ ಪುಟ ಹಿಡಿಸುತ್ತವೆ. ಒಂದು ಮನೆತನಕ್ಕೆ ಧಾರಾಳವಾಯಿತು. ಆದರೆ ನಿಮಿಷಕ್ಕೆ 100 ಎಂಬಿಯಂತೆ ಮದುವೆಯ ವಿಡಿಯೋ ತುಂಬಿದರೆ ಎರಡೂವರೆ ಗಂಟೆಗೇ ಜಾಗ ಮುಗಿದೀತು. ಗೂಗಲ್ಲಿನ ಈ ಜಾಗದಲ್ಲಿ ಜಿಮೇಲೂ ಫೋಟೋಗಳೂ ಪಾಲುದಾರರು. ಜಾಗ ತುಂಬಿದರೆ ಟಪಾಲು ಬರುವುದೂ ನಿಂತೀತು ಎಂಬುದನ್ನು ನೆನಪಿಡತಕ್ಕದ್ದು.

ಇನ್ನು ಏರ್ಪಾಡಿನ ಕ್ರಮ. ಗೂಗಲ್ಲಿನದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ‘ಡ್ರೈವ್ ಫಾರ್ ಡೆಸ್ಕ್‌ಟಾಪ್’ ಎಂಬ ತಂತ್ರಾಂಶವನ್ನು ಗೂಗಲ್ಲಿನ ಸ್ವಂತ ತಾಣದಿಂದಲೇ ಇಳಿಸಿಕೊಂಡು ಕಂಪ್ಯೂಟರಿನಲ್ಲಿ ಸ್ಥಾಪಿಸಿ, ನಿಮ್ಮ ಖಾತೆಯ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಹೊಗಬೇಕು. ಬಳಿಕ ‘ಪ್ರಿಫರೆನ್ಸಸ್’ ತೆರೆದರೆ ಎರಡು ಬಗೆ ಕಾಣುತ್ತದೆ. ‘ಸ್ಟ್ರೀಮ್’ ಎಂದರೆ ಫೈಲು ಮೋಡದಲ್ಲಿರುತ್ತದೆ, ಕಂಪ್ಯೂಟರಿನಲ್ಲಿ ಅದರ ಹೆಸರು ಮಾತ್ರ ಕಾಣುತ್ತದೆ. ತೆರೆದಾಗ ಇಳಿದು ಬರುತ್ತದೆ. ಡಿಸ್ಕಿನ ಜಾಗ ಉಳಿಯುವುದೇನೋ ನಿಜ, ಆದರೆ ಇಂಟರ್‌ನೆಟ್ ಇಲ್ಲದ ದಿನ ಫೈಲು ಸಿಕ್ಕುವ ಭರವಸೆಯಿಲ್ಲ. ‘ಮಿರರ್’ ಎಂದರೆ ಎರಡೂ ಕಡೆ ಪೂರ್ತಿ ಪ್ರತಿ. ಮನೆಯ ಕಡತಕ್ಕೆ ಎರಡನೆಯದೇ ಲೇಸು.

ಆಮೇಲೆ ‘ಮೈ ಡ್ರೈವ್’ ಒಳಗೆ ‘ಮನೆ’ ಎಂದು ಒಂದು ಫೋಲ್ಡರ್ ಮಾಡಿ, ಅದರೊಳಗೆ ‘ಆಸ್ತಿ’, ‘ಶಾಲೆ’, ‘ಆರೋಗ್ಯ’, ‘ಭಾವಚಿತ್ರ’ ಎಂದು ವಿಂಗಡಿಸಿ. ಹೆಸರುಗಳನ್ನು ಕನ್ನಡದಲ್ಲಿಯೇ ಇಡಬಹುದು, ಅಡ್ಡಿಯಿಲ್ಲ. ಫೈಲಿನ ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ದಿನ ಬರೆದರೆ ಅವು ತಾವಾಗಿಯೇ ಕಾಲಕ್ರಮದಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಟೈಪು ಮಾಡಿದ ಕಾಗದಗಳಿದ್ದರೆ ಯೂನಿಕೋಡಿಗೆ ಬದಲಾಯಿಸಿ ಇಡಿ. ಇಲ್ಲವಾದರೆ ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅಕ್ಷರ ಕಲಸುಮೇಲೋಗರವಾಗುತ್ತದೆ. ಮೊದಲ ಸಲ ಎಲ್ಲವನ್ನೂ ಮೇಲೇರಿಸಲು ತಾಳ್ಮೆ ಬೇಕು. ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ 10 ಜಿಬಿ ಏರಲು ಎರಡೂಕಾಲು ಗಂಟೆಯಾದರೂ ಹಿಡಿಯುತ್ತದೆ. ಅನಂತರ ನಿಮಗೆ ಕೆಲಸವಿಲ್ಲ. ಫೋಲ್ಡರಿನಲ್ಲಿ ಏನನ್ನು ಇಟ್ಟರೂ, ತಿದ್ದಿದರೂ, ಆ ಬದಲಾವಣೆ ತಾನಾಗಿಯೇ ಮೋಡಕ್ಕೂ, ಅದೇ ಖಾತೆಗೆ ಜೋಡಿಸಿದ ಉಳಿದ ಕಂಪ್ಯೂಟರುಗಳಿಗೂ ಹೋಗುತ್ತದೆ. ಇದನ್ನೇ ಸಿಂಕ್ ಎನ್ನುತ್ತಾರೆ.

ಇಲ್ಲಿಯೇ ಎಚ್ಚರಿಕೆ ಬೇಕಾದದ್ದು. ಸಿಂಕ್ ಎಂಬುದು ಹೇಳಿದಷ್ಟನ್ನು ಮಾಡುವ ಆಳು. ಇಡು ಎಂದರೆ ಎಲ್ಲ ಕಡೆಯೂ ಇಡುತ್ತದೆ. ಅಳಿಸು ಎಂದರೆ ಎಲ್ಲ ಕಡೆಯೂ ಅಳಿಸುತ್ತದೆ. ನಾನು ಬಲ್ಲ ಒಂದು ಮನೆಯಲ್ಲಿ ಹೀಗಾಯಿತು. ತಾಯಿ ಗದಗಿನಲ್ಲಿ, ಮಗ ಪುಣೆಯಲ್ಲಿ, ಮಗಳು ಚೆನ್ನೈಯಲ್ಲಿ. ಅಜ್ಜಿ ಹಾಡಿದ ಹನ್ನೊಂದು ಬೀಸುವ ಪದಗಳನ್ನು ಮಗಳು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಮನೆಯ ಫೋಲ್ಡರಿನಲ್ಲಿ ಇಟ್ಟಿದ್ದಳು. ಒಂದೇ ಖಾತೆಯನ್ನು ಎಲ್ಲರೂ ಬಳಸುತ್ತಿದ್ದರು. ಮಾರ್ಚಿನಲ್ಲಿ ಮಗನ ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದಾಯಿತು. ಹೇಗೂ ಮೇಲೆ ಒಂದು ಪ್ರತಿ ಇದೆಯಲ್ಲ ಎಂದು ಅವನು ತನ್ನ ಕಡೆಯದನ್ನು ಅಳಿಸಿದ. ಸ್ವಲ್ಪ ಹೊತ್ತಿನಲ್ಲಿ ಮೋಡದಲ್ಲಿಯೂ ಇಲ್ಲ, ಗದಗಿನಲ್ಲಿಯೂ ಇಲ್ಲ. ಯಾರಿಗೂ ಅದು ಗೊತ್ತಾಗಲಿಲ್ಲ. ಮೇ ತಿಂಗಳ ರಜೆಯಲ್ಲಿ ಎಲ್ಲರೂ ಊರಲ್ಲಿ ಸೇರಿ, ಅಜ್ಜಿಯ ಪದ ಹಚ್ಚೋಣವೆಂದು ಹುಡುಕಿದಾಗ ಫೋಲ್ಡರ್ ಬರಿದು. ಡ್ರೈವಿನ ಕಸದಬುಟ್ಟಿಯಲ್ಲಿ ಫೈಲು ಉಳಿಯುವುದು 30 ದಿನ ಮಾತ್ರ. ಆ ಅವಧಿ ಎಂದೋ ಮುಗಿದಿತ್ತು. ಕಾರಿನಲ್ಲಿ ಕೇಳಲೆಂದು ಮಗಳು ಪೆನ್‌ಡ್ರೈವಿಗೆ ಹಾಕಿಕೊಂಡಿದ್ದ ಎರಡು ಪದ ಉಳಿದವು. ಇನ್ನೊಮ್ಮೆ ಹಾಡಿಸೋಣವೆಂದರೆ ಅಜ್ಜಿ ತೀರಿಹೋಗಿ ವರ್ಷವಾಗಿತ್ತು.

ಆದುದರಿಂದ ಸಿಂಕ್ ಬೇರೆ, ಕಾಪು ಪ್ರತಿ ಬೇರೆ ಎಂಬುದನ್ನು ಮನೆಮಂದಿಯೆಲ್ಲ ತಿಳಿದಿರಬೇಕು. ಬಲ್ಲವರು ಹೇಳುವ ಸೂತ್ರ 3-2-1: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಸ್ಥಳದಲ್ಲಿ. ಕಂಪ್ಯೂಟರಿನಲ್ಲಿ ಒಂದು, ಮೋಡದಲ್ಲಿ ಒಂದು ಆಯಿತು. ಮೂರನೆಯದನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ತಂತಿ ಕಿತ್ತು, ಎತ್ತಿಡಿ. ತಂತಿ ಕಿತ್ತ ಡಿಸ್ಕನ್ನು ಸಿಂಕ್ ಮುಟ್ಟಲಾರದು. ವರ್ಷಕ್ಕೆರಡು ಬಾರಿ, ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ, ಈ ನಕಲನ್ನು ಹೊಸದು ಮಾಡಿ, ನಾಲ್ಕು ಫೈಲುಗಳನ್ನು ತೆರೆದೂ ನೋಡಿ. ಒಂದೇ ಖಾತೆಯನ್ನು ಎಲ್ಲರೂ ಬಳಸುವ ರೂಢಿಯನ್ನೂ ಬಿಡಬೇಕು. ಪ್ರತಿಯೊಬ್ಬರಿಗೂ ಅವರವರ ಖಾತೆಯಿರಲಿ. ‘ಮನೆ’ ಫೋಲ್ಡರನ್ನು ಹಂಚಿಕೊಳ್ಳುವಾಗ ನೋಡುವವರಿಗೆ ‘ವ್ಯೂಯರ್’ ಹಕ್ಕು, ತಿದ್ದುವ ‘ಎಡಿಟರ್’ ಹಕ್ಕು ಜವಾಬ್ದಾರರಾದ ಒಬ್ಬಿಬ್ಬರಿಗೆ ಮಾತ್ರ ಸಾಕು.

ಬೀಗದ ಕೈಯ ಮಾತೂ ಇಷ್ಟೇ ಮುಖ್ಯ. ಪಾಸ್‌ವರ್ಡಿನ ಜೊತೆಗೆ ಎರಡನೆಯ ತಪಾಸಣೆಯನ್ನು ಅವಶ್ಯ ಇಟ್ಟುಕೊಳ್ಳಿ. ಆದರೆ ಊರೂರಿಗೆ ವರ್ಗವಾಗುವ ನಮ್ಮವರು ಮೊಬೈಲ್ ನಂಬರನ್ನೂ ಬದಲಾಯಿಸುತ್ತಾರೆ. ಆಗ ಸಂಕೇತ ಹಳೆಯ ನಂಬರಿಗೆ ಹೋಗಿ, ಯಜಮಾನನೇ ಹೊರಗುಳಿದಾನು. ಗೂಗಲ್ ಕೊಡುವ ಹತ್ತು ಬ್ಯಾಕಪ್ ಸಂಕೇತಗಳನ್ನು ಅಚ್ಚು ಹಾಕಿಸಿ, ಒಡವೆಯ ಜೊತೆಗೆ ಇಡಿ. ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಹಿರಿಯರ ಹೆಸರಿನ ಖಾತೆಯನ್ನು ಆಗಾಗ ತೆರೆಯುವವರು ಒಬ್ಬರಿರಬೇಕು. ಖಾತೆದಾರರು ತೀರಿಕೊಂಡರೆ ಫೈಲುಗಳು ಯಾರಿಗೆ ಸಿಗಬೇಕೆಂದು ಮೊದಲೇ ಗೊತ್ತುಮಾಡಲು ‘ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬ ಅನುಕೂಲವೂ ಇದೆ. ಬ್ಯಾಂಕಿನಲ್ಲಿ ನಾಮಿನಿ ಬರೆಸುವಂತೆಯೇ ಇದೂ.

ಎಲ್ಲವನ್ನೂ ಮೋಡಕ್ಕೆ ಏರಿಸುವುದೂ ಸಲ್ಲದು. ಕಚೇರಿಯ ಕಡತ ಕಚೇರಿಯಲ್ಲೇ ಇರಲಿ. ಸರ್ಕಾರದ ಒಳಗಿನ ಕಾಗದಗಳನ್ನು ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್‌ಗಳಂಥ ಕಡೆ ಇಡಕೂಡದೆಂದು 2022ರಲ್ಲಿ ಕೇಂದ್ರ ಸರ್ಕಾರಿ ನೌಕರರಿಗೆ ಹೊರಡಿಸಿದ ಸೂಚನೆಗಳಲ್ಲಿಯೇ ಹೇಳಿದೆ. ಆಧಾರ್ ಚೀಟಿಯನ್ನು ಇಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಇಡಿ. 2015ರಲ್ಲಿ ಆರಂಭವಾದ ಡಿಜಿಲಾಕರ್‌ನಲ್ಲಿ ಇಲಾಖೆಗಳೇ ನೇರವಾಗಿ ಕೊಟ್ಟ ಪತ್ರಗಳಿಗೆ ಮೂಲಪತ್ರದ ಮಾನ್ಯತೆಯುಂಟು. ಅಂಥವನ್ನು ಅಲ್ಲಿಯೇ ಪಡೆಯುವುದು ಜಾಣತನ. ಖರೀದಿಪತ್ರದ ಸ್ಕ್ಯಾನ್ ಪ್ರತಿ ಎಷ್ಟೇ ಸ್ಪಷ್ಟವಾಗಿದ್ದರೂ ಮೂಲವಾಗದು. ಅದನ್ನು ಕಾಗದದಲ್ಲಿಯೇ ಜೋಪಾನ ಮಾಡಬೇಕು.

ಈ ಕೆಲಸಕ್ಕೆ ಒಂದು ರಜಾದಿನದ ಮಧ್ಯಾಹ್ನ ಸಾಕು. ಊರಿಗೆ ಹೋದಾಗ ಹಳೆಯ ಭಾವಚಿತ್ರಗಳನ್ನು ಸ್ಕ್ಯಾನ್ ಮಾಡುವುದಾದರೆ, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿ. ಇವರು ಯಾರು, ಆ ಮಗು ಯಾವುದು, ಹಿಂದೆ ಕಾಣುವ ಮನೆ ಯಾವ ಓಣಿಯದು ಎಂದು ಕೇಳಿ, ಅವರು ಹೇಳಿದ್ದನ್ನು ಫೈಲಿನ ಹೆಸರಿನಲ್ಲಿ ಅಲ್ಲಿಯೇ ಬರೆದುಬಿಡಿ. ಚಿತ್ರವನ್ನು ಯಂತ್ರ ಕಾಯ್ದೀತು. ಅದರಲ್ಲಿ ನಿಂತವರ ಹೆಸರನ್ನು ಹೇಳಬೇಕಾದವರು ಅವರೇ.