ತೋಟದ ಮುದಿನಾಯಿಗೆ ಬೆನ್ನುನೋವು ಬಂದಾಗ

ನಮ್ಮ ಸದಸ್ಯ ಬಾಂಧವರಲ್ಲಿ ನಾಯಿ ಸಾಕದ ಮನೆ ಬಹಳ ಅಪರೂಪ. ಕಾಫಿ ಕಣವಿರಲಿ, ಅಡಿಕೆ ಚಪ್ಪರವಿರಲಿ, ರಾತ್ರಿಯ ಕಾವಲಿಗೆ ಅದೇ ಬೇಕು. ತೋಟಕ್ಕೆ ಮಂಗ ನುಗ್ಗಿದರೂ ಹಂದಿ ಬಂದರೂ ಮೊದಲು ತಿಳಿಯುವುದು ಅದಕ್ಕೇ. ಅಡಿಕೆಗೆ ಕೊಳೆ ತಗುಲಿದರೆ, ಹಸು ಒಂದು ಹೊತ್ತು ಮೇವು ಬಿಟ್ಟರೆ ಕೂಡಲೇ ಓಡಾಡುವ ನಾವು, ಹತ್ತು ವರ್ಷ ಮನೆ ಕಾದ ನಾಯಿ ಒಂದು ದಿನ ಮೆಟ್ಟಿಲು ಹತ್ತಲಾರದೆ ನಿಂತರೆ ‘ಪಾಪ, ವಯಸ್ಸಾಯಿತು’ ಎಂದು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾಗಿ ನಾವೇ ಪಟ್ಟ ಪಾಡು ಇತರರಿಗೆ ಬಾರದಿರಲಿ ಎಂದು ಈ ಲೇಖನ.

ನಮ್ಮ ಮನೆಯ ಟೈಗರ್ ಅಲ್ಸೇಷಿಯನ್ ಮಿಶ್ರ ತಳಿಯ ನಾಯಿ. ಹನ್ನೊಂದು ವರ್ಷ ತುಂಬಿತ್ತು. ಆ ವರ್ಷ ಕೊನೆಕೊಯ್ಲಿನ ಹೊತ್ತಿಗೆ ಅದು ಜಗಲಿಗೆ ಹಾರುವುದನ್ನು ಬಿಟ್ಟು ಅಂಗಳದಲ್ಲೇ ಮಲಗತೊಡಗಿತು. ಅಂಗಳದ ಮಣ್ಣಿನಲ್ಲಿ ಅದರ ಹಿಂಗಾಲಿನ ಉಗುರು ಎಳೆದ ಗೀರು ಕಾಣುತ್ತಿತ್ತು. ಉಗುರು ಬೆಳೆದಿದೆ ಎಂದುಕೊಂಡೆವು. ಒಂದು ದಿನ ಮಂಗಗಳನ್ನು ಅಟ್ಟುತ್ತಾ ಧರೆಯಿಂದ ಕೆಳಕ್ಕೆ ಹಾರಿದ್ದೇ, ಬೆನ್ನು ಗೂನು ಮಾಡಿಕೊಂಡು ನಡುಗುತ್ತಾ ನಿಂತಿತು. ಎತ್ತಹೋದರೆ ಕಿರುಚಿತು. ಮನೆಯಲ್ಲಿದ್ದ ನೋವಿನ ಗುಳಿಗೆಯನ್ನು ಬೆಲ್ಲದಲ್ಲಿಟ್ಟು ನುಂಗಿಸಿದೆವು. ಸಂಜೆಗೆ ನೋವು ತಗ್ಗಿದಂತಾಗಿ ಮತ್ತೆ ತೋಟಕ್ಕೆ ಓಡಿತು. ಗುಣವಾಯಿತೆಂದು ಸಂತೋಷಪಟ್ಟು ಮರುದಿನ ಇನ್ನೊಂದು ಗುಳಿಗೆ ಕೊಟ್ಟೆವು. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಕಾಫಿ ಚರಟದಂಥ ವಾಂತಿ. ಹಿಂಗಾಲು ಎರಡೂ ನೆಲಕ್ಕೆ ಊರುತ್ತಿಲ್ಲ.

ಪೇಟೆಯ ಪಶುವೈದ್ಯರು ಪರೀಕ್ಷಿಸಿ ಹೇಳಿದ್ದಿಷ್ಟು: ‘ನಿಮ್ಮ ಗುಳಿಗೆ ಹೊಟ್ಟೆಯಲ್ಲಿ ಹುಣ್ಣು ಮಾಡಿದೆ. ಅದಕ್ಕಿಂತ ಹೆಚ್ಚಾಗಿ, ನೋವು ಮರೆಸಿ ಓಡಾಡಿಸಿದ್ದೇ ತಪ್ಪು. ಇದು ಬೆನ್ನುಮಣಿಗಳ ನಡುವಿನ ಡಿಸ್ಕಿನ ತೊಂದರೆ ಇರಬಹುದು.’

ಡಿಸ್ಕ್ ಎಂದರೇನು?

ನಾಯಿಯ ಕುತ್ತಿಗೆಯಲ್ಲಿ 7, ಎದೆಯ ಭಾಗದಲ್ಲಿ 13, ಸೊಂಟದಲ್ಲಿ 7 ಬೆನ್ನುಮಣಿಗಳಿವೆ. ಬಹುತೇಕ ಎಲ್ಲ ಮಣಿಗಳ ನಡುವೆಯೂ ಒಂದೊಂದು ಮೆತ್ತೆ ಇದೆ. ಇದೇ ಡಿಸ್ಕ್. ಎಳೆ ಅಡಿಕೆಯನ್ನು ನೆನೆಸಿಕೊಳ್ಳಿ: ಹೊರಗೆ ನಾರಿನ ಸಿಪ್ಪೆ, ಒಳಗೆ ಲೋಳೆಯಂಥ ತಿರುಳು. ಡಿಸ್ಕೂ ಹಾಗೆಯೇ. ವಯಸ್ಸಾದಂತೆ ಒಳಗಿನ ತಿರುಳು ಒಣಗಿ ಗಟ್ಟಿಯಾಗುತ್ತದೆ, ಹೊರಗಿನ ನಾರು ಬಲ ಕಳೆದುಕೊಳ್ಳುತ್ತದೆ. ಆಗ ಅದು ಮೇಲಕ್ಕೆ ಉಬ್ಬಿ, ಮಣಿಗಳ ಕೊಳವೆಯಲ್ಲಿ ಸಾಗುವ ಬೆನ್ನುಹುರಿಯನ್ನು ಒತ್ತುತ್ತದೆ.

ಈ ತೊಂದರೆಯಲ್ಲಿ ಎರಡು ಬಗೆ ಎಂದು 1950ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಪಶುವೈದ್ಯ ಹ್ಯಾನ್ಸೆನ್ ವಿಂಗಡಿಸಿದರು. ಮೊದಲನೆಯದರಲ್ಲಿ ನಾರು ಹರಿದು ತಿರುಳು ಒಮ್ಮೆಗೇ ಹೊರಚಿಮ್ಮುತ್ತದೆ. ಇದು ಡ್ಯಾಶ್‌ಹುಂಡ್‌ನಂಥ ಗಿಡ್ಡಕಾಲಿನ ತಳಿಗಳಲ್ಲಿ ಹೆಚ್ಚು, ನಡುವಯಸ್ಸಿನಲ್ಲೇ ಬರಬಹುದು. ಎರಡನೆಯದರಲ್ಲಿ ಡಿಸ್ಕ್ ತಿಂಗಳುಗಟ್ಟಲೆ ನಿಧಾನವಾಗಿ ಉಬ್ಬುತ್ತದೆ. ಅಲ್ಸೇಷಿಯನ್, ಲ್ಯಾಬ್ರಡಾರ್‌ನಂಥ ದೊಡ್ಡ ತಳಿಯ ಮುದಿನಾಯಿಗಳಲ್ಲಿ ಇದೇ ಹೆಚ್ಚು. ಪಕ್ಕೆಲುಬು ಮುಗಿದು ಸೊಂಟ ಆರಂಭವಾಗುವ ಜಾಗದ ಡಿಸ್ಕುಗಳು ಹೆಚ್ಚಾಗಿ ಕೆಡುತ್ತವೆ, ಕುತ್ತಿಗೆಯಲ್ಲೂ ಆಗುವುದುಂಟು.

ಗುರುತಿಸುವ ಬಗೆ

ಲಕ್ಷಣಗಳು ಸಾಮಾನ್ಯವಾಗಿ ಈ ಕ್ರಮದಲ್ಲಿ ಏರುತ್ತವೆ:

1. ಜಗಲಿ, ಜೀಪು ಹತ್ತಲು ಹಿಂಜರಿಯುವುದು, ಬೆನ್ನು ಗೂನು, ಹೊಟ್ಟೆ ಬಿಗಿ, ಮುಟ್ಟಿದರೆ ನೋವು. ಕುತ್ತಿಗೆಯದಾದರೆ ತಲೆ ತಗ್ಗಿಸಿ ನಿಲ್ಲುವುದು, ನೆಲದ ಬಟ್ಟಲಿಗೆ ಬಾಗಲಾರದಿರುವುದು.

2. ಉಗುರು ನೆಲಕ್ಕೆ ಎಳೆಯುವುದು, ಹಿಂಭಾಗ ಓಲಾಡುವುದು, ಹಿಂಗಾಲುಗಳು ಒಂದಕ್ಕೊಂದು ಅಡ್ಡ ಬರುವುದು. ನಾಯಿಯನ್ನು ಹೊಟ್ಟೆಯ ಕೆಳಗೆ ಆಧರಿಸಿ ಹಿಡಿದು, ಹಿಂಗಾಲಿನ ಪಾದವನ್ನು ಮಗುಚಿ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ಆರೋಗ್ಯದ ನಾಯಿ ತಕ್ಷಣ ಸರಿಪಡಿಸಿಕೊಳ್ಳುತ್ತದೆ. ಹಾಗೆಯೇ ಬಿಟ್ಟರೆ ನರಕ್ಕೆ ತೊಂದರೆಯಾಗಿದೆ ಎಂದೇ ತಿಳಿಯಬೇಕು.

3. ಹಿಂಗಾಲು ಆಡಿಸಲಾರದಿರುವುದು, ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಸೋರುವುದು.

4. ಬೆರಳ ಸಂದನ್ನು ಬಲವಾಗಿ ಒತ್ತಿದರೂ ನೋವೇ ತಿಳಿಯದಿರುವುದು. ಈ ಪರೀಕ್ಷೆ ವೈದ್ಯರಿಗೆ ಬಿಟ್ಟದ್ದು.

ಮೊದಲ ಹಂತದಲ್ಲೇ ವೈದ್ಯರಿಗೆ ತೋರಿಸುವುದು ಲೇಸು. ಮೂರನೆಯ ಹಂತಕ್ಕೆ ಬಂದರೆ ‘ನಾಳೆ ನೋಡೋಣ’ ಎನ್ನಬಾರದು. ತಿರುಳು ಒಮ್ಮೆಗೇ ಚಿಮ್ಮಿದ ನಾಯಿಗಳಲ್ಲಿ, ನೋವಿನ ಅರಿವು ಉಳಿದಿರುವಾಗ ಶಸ್ತ್ರಚಿಕಿತ್ಸೆಯಾದರೆ ಬಹುಪಾಲು ಮತ್ತೆ ನಡೆಯುತ್ತವೆ. ಅರಿವು ಹೋದ ಮೇಲೆ ಶಸ್ತ್ರಚಿಕಿತ್ಸೆ ಮಾಡಿದರೂ ಸುಮಾರು ಅರ್ಧದಷ್ಟು ಮಾತ್ರ.

ಎಲ್ಲವೂ ಡಿಸ್ಕ್ ಅಲ್ಲ

ಕಾಲು ಸೋತ ನಾಯಿಗೆಲ್ಲ ಬೆನ್ನಿನದೇ ದೋಷ ಎನ್ನಲಾಗದು. ಕೀಲುವಾತ, ಸೊಂಟದ ಕೀಲಿನ ಸವೆತ, ಉಣುಗಿನಿಂದ ಬರುವ ಜ್ವರ ಇವುಗಳಲ್ಲೂ ನಾಯಿ ಏಳಲು ಕಷ್ಟಪಡುತ್ತದೆ. ತೋಟದಲ್ಲಿ ಹಾವು ಕಚ್ಚಿದರೂ ಕಾಲು ಸೋಲಬಹುದು. ಎಲ್ಲಕ್ಕಿಂತ ಮುಖ್ಯ, ಹುಚ್ಚುನಾಯಿ ರೋಗ. ಚುಚ್ಚುಮದ್ದು ಹಾಕಿಸದ ನಾಯಿ ಕಾಲು ಸೋತು, ಜೊಲ್ಲು ಸುರಿಸುತ್ತಾ, ದವಡೆ ಜೋತುಬಿದ್ದು, ದನಿ ಬದಲಾಗಿದ್ದರೆ ಮುಟ್ಟಲೇಬಾರದು. ಮಕ್ಕಳನ್ನು ದೂರವಿಟ್ಟು ವೈದ್ಯರಿಗೆ ತಿಳಿಸಿ. ಕಚ್ಚಿದರೆ ಅಥವಾ ಗಾಯಕ್ಕೆ ಜೊಲ್ಲು ತಾಗಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮಾಡಬಾರದ್ದು

ನಾವು ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇವೆ. ಮನುಷ್ಯರ ನೋವಿನ ಗುಳಿಗೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಅಳತೆ ಮೀರಿದರೆ ಯಕೃತ್ತಿಗೆ ಅಪಾಯ. ಏನಾದರೂ ಕೊಟ್ಟಿದ್ದರೆ ನಾಚಿಕೆಪಡದೆ ವೈದ್ಯರಿಗೆ ಹೇಳಿ. ಅದರ ಮೇಲೆ ಸ್ಟಿರಾಯ್ಡ್ ಬಿದ್ದರೆ ಹೊಟ್ಟೆಯಲ್ಲಿ ರಕ್ತಸ್ರಾವವಾದೀತು.

ಬರೆ ಹಾಕುವುದು, ಕಾಲು ಹಿಡಿದು ಜಗ್ಗುವುದು, ಬೆನ್ನನ್ನು ಒತ್ತಿ ಎಣ್ಣೆ ತಿಕ್ಕುವುದು ಸಲ್ಲದು. ನಮ್ಮಲ್ಲಿಗೆ ಬಂದವರೂ ಬರೆಯ ಸಲಹೆ ಕೊಟ್ಟರು. ಒಳಗೆ ಒತ್ತಿರುವ ಡಿಸ್ಕಿಗೆ ಹೊರಗಿನ ಚರ್ಮ ಸುಟ್ಟರೆ ಏನು ಬಂತು?

ಸಾಗಿಸುವಾಗ ಕಂಕುಳಲ್ಲಿ ಎತ್ತಿಕೊಳ್ಳದೆ, ಹಲಗೆಯ ಮೇಲೆ ಗೋಣಿಚೀಲ ಹಾಸಿ, ಇಬ್ಬರು ಸೇರಿ ಬೆನ್ನು ಬಾಗದಂತೆ ಜಾರಿಸಿ ಮಲಗಿಸಿ. ನೋವಿನಲ್ಲಿ ಸಾಕಿದವರನ್ನೇ ಕಚ್ಚೀತು, ಎಚ್ಚರ.

ಚಿಕಿತ್ಸೆ ಮತ್ತು ಆರೈಕೆ

ಮಾಮೂಲಿ ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆಯೇ ಹೊರತು ಬೆನ್ನುಹುರಿ ಕಾಣದು. ಖಚಿತವಾಗಬೇಕಾದರೆ ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್ ಬೇಕು. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಎಲ್ಲಿಗೆ ಒಯ್ಯಬೇಕೆಂಬುದನ್ನು ಸ್ಥಳೀಯ ವೈದ್ಯರಿಂದಲೇ ಕೇಳಿ ಹೊರಡುವುದು ಒಳ್ಳೆಯದು.

ನಡೆಯಬಲ್ಲ ನಾಯಿಗೆ ಮುಖ್ಯ ಮದ್ದು ವಿಶ್ರಾಂತಿ. ಕನಿಷ್ಠ ನಾಲ್ಕು ವಾರ ಅದನ್ನು ಎದ್ದು ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಸಾಕಾಗುವಷ್ಟೇ ಜಾಗದಲ್ಲಿ ಕೂಡಿಡಬೇಕು. ಮೂತ್ರಕ್ಕೆ ಮಾತ್ರ ಹಗ್ಗ ಹಿಡಿದು ಹೊರಗೆ. ಔಷಧದಿಂದ ನೋವು ತಗ್ಗಿದೊಡನೆ ನಾಯಿ ಹಾರಲು ನೋಡುತ್ತದೆ. ಎಚ್ಚರ ಹೆಚ್ಚು ಬೇಕಾದುದು ಆಗಲೇ. ಅವಧಿ ಮುಗಿದ ಮೇಲೆ ಐದು ನಿಮಿಷದ ನಡಿಗೆಯಿಂದ ಆರಂಭಿಸಿ, ವಾರವಾರಕ್ಕೂ ಸ್ವಲ್ಪ ಸ್ವಲ್ಪ ಏರಿಸಬೇಕು.

ಏಳಲಾರದ ನಾಯಿಗೆ ದಪ್ಪ ಹಾಸಿಗೆ ಬೇಕು. ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹುಣ್ಣಾಗುತ್ತದೆ. ಮೂತ್ರ ಕಟ್ಟಿದರೆ ಕಿಬ್ಬೊಟ್ಟೆ ಒತ್ತಿ ತೆಗೆಯುವ ಕ್ರಮವನ್ನು ವೈದ್ಯರ ಬಳಿ ನೋಡಿ ಕಲಿಯಿರಿ. ನಡೆಸುವಾಗ ಉದ್ದನೆಯ ಟವೆಲನ್ನು ಹೊಟ್ಟೆಯ ಕೆಳಗೆ ಹಾಯಿಸಿ ಮೇಲೆತ್ತಿ ಹಿಡಿಯಬಹುದು.

ಮುಂಜಾಗ್ರತೆ

ಸುಗ್ಗಿಯಲ್ಲಿ ಕೆಲಸದವರ ಬುತ್ತಿಯಿಂದಲೂ ಮನೆಯಿಂದಲೂ ತಿಂದು ನಾಯಿ ಕೊಬ್ಬುತ್ತದೆ. ಕೈಯಾಡಿಸಿದರೆ ಪಕ್ಕೆಲುಬು ಬೆರಳಿಗೆ ಸಿಗುವಂತಿರಬೇಕು. ನುಣುಪಾದ ನೆಲಕ್ಕೆ ಗೋಣಿ ಹಾಸಿ, ಜಗಲಿಗೆ ಇಳಿಜಾರಾದ ಹಲಗೆ ಇಡಿ. ಕುತ್ತಿಗೆಯ ಪಟ್ಟಿಗೆ ಬದಲು ಎದೆಗೆ ಕಟ್ಟುವ ಪಟ್ಟಿ ಬಳಸಿ. ಮಳೆಗಾಲದಲ್ಲಿ ಬೆಚ್ಚಗಿನ ಒಣಜಾಗ ಕೊಡಿ.

ನಮ್ಮ ಟೈಗರ್‌ಗೆ ನೋವಿನ ಅರಿವು ಉಳಿದಿತ್ತು. ಹೊಟ್ಟೆಯ ಹುಣ್ಣು ಮಾಯುವವರೆಗೆ ಅರಿವಳಿಕೆ ಕೊಡುವುದು ಅಪಾಯವೆಂದು ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಯಿತು. ಹದಿನೆಂಟನೆಯ ದಿನ ಟವೆಲಿನ ಆಧಾರದಲ್ಲಿ ಬಲಗಾಲು ಊರಿತು. ಎರಡು ತಿಂಗಳಿಗೆ ಅಂಗಳ ದಾಟಿತು. ಹಿಂಭಾಗ ಈಗಲೂ ಓಲಾಡುತ್ತದೆ. ಉಗುರಿನ ಗೀರು ಈಗಲೂ ಬೀಳುತ್ತದೆ. ಆದರೆ ಇಂದು ಅಂಗಳ ಗುಡಿಸುವ ಮೊದಲು ನಾವು ಆ ಗೀರನ್ನು ನೋಡುತ್ತೇವೆ. ನಿಮ್ಮ ಅಂಗಳದಲ್ಲೂ ಅಂಥ ಗೀರು ಇದೆಯೇ, ನಾಳೆ ಬೆಳಿಗ್ಗೆ ಒಮ್ಮೆ ನೋಡಿ.