ರಾಗಿ ಹೊಲ ನೋಡಿದವನ ಮೀನಿನ ಪುಸ್ತಕ

ಮಳೆ ಚೆನ್ನಾಗಿ ಬಿದ್ದು ಕೆರೆ ತುಂಬಿದ ವರ್ಷ ನಮ್ಮ ದೊಡ್ಡಬೆಳವಂಗಲದ ಸುತ್ತಮುತ್ತ ಬಿಡುವ ಮೀನುಮರಿ ಎಂದರೆ ಕಾಟ್ಲಾ, ರೋಹು, ಮೃಗಾಲ್. ಮೂರೂ ಗಂಗೆಯ ಕಡೆಯ ಮೀನುಗಳು. ಅವುಗಳ ವೈಜ್ಞಾನಿಕ ಹೆಸರಿನ ಪಕ್ಕದಲ್ಲಿ ‘ಹ್ಯಾಮಿಲ್ಟನ್, 1822’ ಎಂದು ಬರೆದಿರುತ್ತದೆ. ಈ ಹ್ಯಾಮಿಲ್ಟನ್ ನಮ್ಮ ಸೀಮೆಗೆ ಹೊಸಬನಲ್ಲ. 1800ರಲ್ಲಿ ದೊಡ್ಡಬಳ್ಳಾಪುರಕ್ಕೆ ಬಂದು ಹೋದ ಫ್ರಾನ್ಸಿಸ್ ಬುಕಾನನ್ನೇ ಇವನು. ತಾಯಿ ಕಡೆಯ ಆಸ್ತಿ ಬಂದ ಮೇಲೆ ಹೆಸರು ಬದಲಿಸಿಕೊಂಡ.

ಬುಕಾನನ್ ಸ್ಕಾಟ್ಲೆಂಡಿನ ವೈದ್ಯ. ಎಡಿನ್‌ಬರೋದಲ್ಲಿ ಸಸ್ಯಶಾಸ್ತ್ರ ಕಲಿತವನು. ಅವನು ಬೆಳೆದದ್ದು ಯುರೋಪು ಚಿತ್ರಪುಸ್ತಕಗಳ ಹುಚ್ಚು ಹತ್ತಿಸಿಕೊಂಡಿದ್ದ ಕಾಲದಲ್ಲಿ. ಫ್ರೆಂಚ್ ನಿಸರ್ಗಶಾಸ್ತ್ರಜ್ಞ ಬ್ಯುಫಾನನ ಪ್ರಾಣಿಪುಸ್ತಕಗಳು ಪ್ಯಾರಿಸ್ಸಿನ ಓದುವ ಅನೇಕ ಮನೆಗಳಲ್ಲಿ ಇರುತ್ತಿದ್ದವು. ದಿದೆರೋ ಸಂಪಾದಿಸಿದ ಫ್ರೆಂಚ್ ವಿಶ್ವಕೋಶದಲ್ಲಿ ಚಿತ್ರಗಳಿಗೆಂದೇ 11 ಸಂಪುಟ; ನೇಗಿಲೂ ಅಲ್ಲಿ ಓದುಗರ ಕಣ್ಣಿಗೆ ಬಿತ್ತು. ಇಂಥ ಚಿತ್ರಗಳಿಗಾಗಿ ತಾಮ್ರದ ತಗಡಿನ ಮೇಲೆ ಒಂದೊಂದೇ ಗೆರೆ ಕೊರೆದು, ಮಸಿ ತುಂಬಿ ಅಚ್ಚು ಒತ್ತುತ್ತಿದ್ದರು.

ಟಿಪ್ಪು ಮಡಿದ ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿ ಬುಕಾನನ್ನನನ್ನು ಮೈಸೂರು ಸೀಮೆಯ ಬೇಸಾಯ, ದನಕರು, ಗಿಡಮರ ನೋಡಿಬರಲು ಕಳಿಸಿದ. ಆ ಪ್ರಯಾಣದ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ, ಚಿತ್ರಗಳ ಸಮೇತ ಬಂತು. ಈಸ್ಟ್ ಇಂಡಿಯಾ ಕಂಪನಿಗೆ ಬೇಕಿದ್ದದ್ದು ಆದಾಯದ ಲೆಕ್ಕ. ಆದರೆ ಹೊಲದ ಬದುವಿನಲ್ಲಿ ನಿಂತು ನೋಡಿದ್ದು ಸಸ್ಯಶಾಸ್ತ್ರಜ್ಞನ ಕಣ್ಣು. ಹಾಗಾಗಿ ನಾವು ರಾಗಿ ಬಿತ್ತುವ ಕೂರಿಗೆಯೂ ಆ ಪುಸ್ತಕ ಸೇರಿತು.

ಕೂರಿಗೆ ನೋಡದ ಮಕ್ಕಳಿಗಾಗಿ ಹೇಳಬೇಕು: ಸಾಲಾಗಿ ಹನ್ನೆರಡು ತಾಳು, ಒಂದೊಂದಕ್ಕೂ ಒಂದು ಬಿದಿರ ಕೊಳವೆ. ಕೊಳವೆಗಳೆಲ್ಲ ಮೇಲೆ ಒಂದು ಮರದ ಬಟ್ಟಲಲ್ಲಿ ಕೂಡುತ್ತವೆ. ಹಿಂದೆ ನಡೆಯುವವರು ಮುಷ್ಟಿಯ ರಾಗಿಯನ್ನು ಬೆರಳ ಸಂದಿನಿಂದ ಒಂದೇ ಹದದಲ್ಲಿ ಬಟ್ಟಲಿಗೆ ಬಿಡುತ್ತಾ ಹೋಗಬೇಕು. ಹದ ತಪ್ಪಿದರೆ ಒಂದು ಸಾಲು ದಟ್ಟ, ಪಕ್ಕದ ಸಾಲು ಬೋಳು. ಮೊಳಕೆ ಬಂದ ದಿನ ಊರಿಗೆಲ್ಲ ಗೊತ್ತಾಗುತ್ತದೆ.

ಮೈಸೂರಿನ ಪ್ರಯಾಣ ಮುಗಿದ ಮೇಲೆ ಬುಕಾನನ್ ಬಂಗಾಳದಲ್ಲಿ ಮೀನುಗಳ ಚಿತ್ರ ಬರೆಸಿ, ಗಂಗೆಯ ಮೀನುಗಳ ಪುಸ್ತಕ ತಂದ. ಅದಕ್ಕೆ 39 ಚಿತ್ರಪುಟಗಳ ಪ್ರತ್ಯೇಕ ಸಂಪುಟ. ಬಹಳಷ್ಟು ಮೀನಿಗೆ ಸ್ಥಳೀಯರು ಕರೆಯುತ್ತಿದ್ದ ಹೆಸರನ್ನೇ ಉಳಿಸಿದ. ‘ರೋಹು’ ಶಾಸ್ತ್ರದಲ್ಲೂ ‘ರೋಹಿಟ’ ಆಗಿಯೇ ಉಳಿದದ್ದು ಹಾಗೆ. ನನ್ನ ಮಟ್ಟಿಗೆ ಇದು ಅವನ ದೊಡ್ಡ ಗುಣ.

ಎರಡೂ ಪುಸ್ತಕ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಬಿತ್ತನೆಗೆ ಟ್ರ್ಯಾಕ್ಟರ್ ಬಂದ ಮೇಲೆ ಅಟ್ಟ ಸೇರಿದ ಕೂರಿಗೆ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಒಲೆಗೆ ಹಾಕಬೇಡಿ. ಊರಿನ ಶಾಲೆಗೆ ಕೊಡಿ, ಪಕ್ಕದಲ್ಲಿ ಬುಕಾನನ್ನನ ಪುಸ್ತಕದ ಕೂರಿಗೆಯ ಚಿತ್ರವನ್ನೂ ತೂಗುಹಾಕಿಸಿ.