ಚರ್ಮದ ಅಲರ್ಜಿಗೆ ಕಾರಣವೇನು? ಬೆನ್ನ ಮೇಲೆ ಸಿಗುತ್ತದೆ ಉತ್ತರ

ಕೈಗಡಿಯಾರದ ಪಟ್ಟಿಯ ಅಡಿಯಲ್ಲಿ ತುರಿಕೆ, ಓಲೆ ಧರಿಸಿದ ಕಿವಿಯಲ್ಲಿ ಕೀವು, ಕೂದಲಿಗೆ ಬಣ್ಣ ಹಚ್ಚಿದ ಮರುದಿನ ಊದಿಕೊಂಡ ಕಣ್ಣುರೆಪ್ಪೆ. ಔಷಧಿ ಅಂಗಡಿಯಿಂದ ಮುಲಾಮು ತಂದು ಹಚ್ಚಿದರೆ ವಾರದ ಮಟ್ಟಿಗೆ ಶಮನ. ಬಿಟ್ಟೊಡನೆ ಮತ್ತದೇ ಕಾಟ. ಮುಲಾಮು ಉರಿಯೂತವನ್ನು ತಗ್ಗಿಸುತ್ತದೆಯೇ ವಿನಾ ಅದರ ಕಾರಣವನ್ನು ತೊಡೆಯುವುದಿಲ್ಲ. ಆ ಕಾರಣವನ್ನು ಪತ್ತೆ ಹಚ್ಚುವ ವಿಧಾನವೇ 'ಪ್ಯಾಚ್ ಟೆಸ್ಟ್'.

ಊಹೆಯಿಂದ ಕಾರಣ ತಿಳಿಯುವುದು ಕಷ್ಟ. ಏಕೆಂದರೆ ಈ ಅಲರ್ಜಿ ತಡವಾಗಿ ಪ್ರಕಟವಾಗುವಂಥದ್ದು. ದೇಹದ ರೋಗನಿರೋಧಕ ವ್ಯವಸ್ಥೆಯ ಟಿ-ಕೋಶಗಳು ಒಂದು ರಾಸಾಯನಿಕವನ್ನು ಶತ್ರುವೆಂದು ಗುರುತಿಸಿಕೊಂಡ ಮೇಲೆ, ಅದು ಚರ್ಮಕ್ಕೆ ತಗುಲಿದ ಒಂದೆರಡು ದಿನಗಳ ಬಳಿಕ ದದ್ದು ಏಳುತ್ತದೆ. ಸೋಮವಾರ ತಗುಲಿದ್ದರ ಫಲ ಬುಧವಾರ ಕಂಡರೆ, ಅನುಮಾನ ಮಂಗಳವಾರ ಬಳಸಿದ ಸೋಪಿನ ಮೇಲೆ ಹೋಗುವುದು ಸಹಜ. ವರ್ಷಗಟ್ಟಲೆ ಒಗ್ಗಿದ್ದ ವಸ್ತುವೂ ಒಂದು ದಿನ ತಿರುಗಿಬೀಳಬಹುದು.

ಪರೀಕ್ಷೆ ಹೇಗೆ?

ಜರ್ಮನಿಯ ಚರ್ಮವೈದ್ಯ ಯೋಸೆಫ್ ಯಾಡಾಸೋನ್ 1895ರಲ್ಲಿ ಈ ವಿಧಾನವನ್ನು ಲೋಕಕ್ಕೆ ಪರಿಚಯಿಸಿದರು. ಅಲರ್ಜಿ ತರಬಲ್ಲ ರಾಸಾಯನಿಕಗಳನ್ನು ನಿಗದಿತ ಪ್ರಮಾಣದಲ್ಲಿ, ಉದಾಹರಣೆಗೆ ನಿಕಲ್ ಸಲ್ಫೇಟನ್ನು ಶೇ 5ರಂತೆ, ಪೆಟ್ರೋಲಿಯಂ ಜೆಲ್ಲಿಯಲ್ಲಿ ಬೆರೆಸಿ ಪುಟ್ಟ ಬಟ್ಟಲುಗಳಲ್ಲಿ ತುಂಬಲಾಗುತ್ತದೆ. ಅವುಗಳನ್ನು ಬೆನ್ನಿನ ಮೇಲ್ಭಾಗಕ್ಕೆ ಅಂಟುಪಟ್ಟಿಯಿಂದ ಅಂಟಿಸಿ 48 ಗಂಟೆಗಳ ನಂತರ ತೆಗೆಯುತ್ತಾರೆ. ಬಳಿಕ ವೈದ್ಯರು ಒಮ್ಮೆ ನೋಡಿ, ಮೂರನೆಯ ಅಥವಾ ನಾಲ್ಕನೆಯ ದಿನ ಮತ್ತೊಮ್ಮೆ ಪರಿಶೀಲಿಸುತ್ತಾರೆ. ಎರಡನೆಯ ಭೇಟಿ ತಪ್ಪಿಸಿದರೆ ತಡವಾಗಿ ಮೂಡುವ ಗುರುತುಗಳು ಕಣ್ತಪ್ಪುತ್ತವೆ. ಅಲ್ಲಿಯವರೆಗೆ ಬೆನ್ನಿಗೆ ನೀರು ಸೋಕಿಸಬಾರದು, ಬೆವರುವ ಕೆಲಸ ಮಾಡಬಾರದು. ಸ್ಟೀರಾಯ್ಡ್ ಮಾತ್ರೆ ಸೇವಿಸುವವರು ಮೊದಲೇ ವೈದ್ಯರಿಗೆ ತಿಳಿಸಬೇಕು.

ಧೂಳು, ಆಹಾರದ ಅಲರ್ಜಿಗೆ ಸೂಜಿಮೊನೆ ಚುಚ್ಚಿ 15-20 ನಿಮಿಷಗಳಲ್ಲಿ ಫಲಿತಾಂಶ ನೋಡುವ ಪರೀಕ್ಷೆಯೇ ಬೇರೆ. ಎರಡನ್ನೂ ಒಂದೇ ಎಂದು ಭಾವಿಸಬಾರದು.

ಸಾಮಾನ್ಯ ಕಾರಣಗಳು

ನಕಲಿ ಆಭರಣಗಳ ನಿಕಲ್, ಸಿಮೆಂಟ್ ಹಾಗೂ ಹದ ಮಾಡಿದ ಚರ್ಮದಲ್ಲಿನ ಕ್ರೋಮಿಯಂ, ಕೂದಲ ಬಣ್ಣದ ಪಿಪಿಡಿ, ಸುಗಂಧದ್ರವ್ಯಗಳು, ಚಪ್ಪಲಿಯ ರಬ್ಬರಿಗೆ ಬೆರೆಸುವ ರಾಸಾಯನಿಕಗಳು ಪ್ರಮುಖವಾದವು. ಗಾಯಕ್ಕೆ ಹಚ್ಚುವ ಕೆಲವು ಮುಲಾಮುಗಳಲ್ಲಿರುವ ನಿಯೋಮೈಸಿನ್ ಕೂಡ ಈ ಸಾಲಿನಲ್ಲಿದೆ. ಮದ್ದೇ ರೋಗಕ್ಕೆ ಮೂಲವಾಗುವುದುಂಟು. ನಮ್ಮ ಖಾಲಿ ನಿವೇಶನಗಳಲ್ಲಿ ಹುಲುಸಾಗಿ ಬೆಳೆಯುವ ಪಾರ್ಥೇನಿಯಂ ಅರ್ಥಾತ್ ಕಾಂಗ್ರೆಸ್ ಕಳೆಯ ಕಣಗಳು ಗಾಳಿಯಲ್ಲಿ ತೇಲಿಬಂದು ಮುಖ, ಕುತ್ತಿಗೆ, ಕೈಗಳನ್ನು ಬಾಧಿಸುತ್ತವೆ.

ಬೆನ್ನ ಮೇಲೆ ಗುರುತು ಮೂಡಿದ ಮಾತ್ರಕ್ಕೆ ಅದೇ ಕಾರಣವೆಂದು ತೀರ್ಮಾನಿಸಲಾಗದು. ರೋಗಿಯ ವೃತ್ತಿ, ದಿನಬಳಕೆಯ ವಸ್ತುಗಳೊಡನೆ ಅದನ್ನು ತಾಳೆ ನೋಡಬೇಕು. ಆದ್ದರಿಂದ ಬಳಸುವ ಸೌಂದರ್ಯವರ್ಧಕ, ಮುಲಾಮುಗಳನ್ನು ಆಸ್ಪತ್ರೆಗೆ ಕೊಂಡೊಯ್ಯುವುದು ಲೇಸು. ಮನೆಯಲ್ಲೇ ಪ್ರಯೋಗ ನಡೆಸುವುದು ಅಪಾಯಕರ, ಚರ್ಮ ಸುಡಬಹುದು.

ಕಾರಣ ತಿಳಿದ ಮೇಲೆ ಅದರಿಂದ ದೂರವಿರುವುದೇ ಮುಖ್ಯ ಚಿಕಿತ್ಸೆ. ಓಲೆ ಬದಲಿಸುವುದು ಸುಲಭ. ಆದರೆ ಗಾರೆ ಕೆಲಸದವರಿಗೆ ಸಿಮೆಂಟ್ ಬಿಡುವುದೆಂದರೆ ಕೂಲಿಯನ್ನೇ ಬಿಟ್ಟಂತೆ. ಐರೋಪ್ಯ ಒಕ್ಕೂಟವು 2005ರಿಂದ ಸಿಮೆಂಟಿನಲ್ಲಿ ಕರಗಬಲ್ಲ ಕ್ರೋಮಿಯಂ-6ರ ಪ್ರಮಾಣವನ್ನು ಹತ್ತು ಲಕ್ಷದಲ್ಲಿ 2 ಭಾಗಕ್ಕೆ ಮಿತಿಗೊಳಿಸಿದೆ. ಕೈಗವಸು, ಗಂಬೂಟುಗಳನ್ನು ಒದಗಿಸುವುದು ಕೆಲಸ ಕೊಡುವವರು ಇಂದೇ ಮಾಡಬಹುದಾದ ಕಾರ್ಯ.